ಕಥೆ ತೆಗೆದ ಮೇಲೆ ಉಳಿಯುವುದು: ಯಹೂದಿ ನಿರಾಶ್ರಿತರ ನೆನಪು ನೃತ್ಯವಾಗುವ, ಕವಿತೆಯಾಗುವ ಬಗೆ

ಅಮೆರಿಕದ ಕವಿ ಚಾರ್ಲ್ಸ್ ರೆಜ್ನಿಕಾಫ್ ಅವರ ತಾಯಿಯ ತಂದೆ ರಷ್ಯಾ ಸಾಮ್ರಾಜ್ಯದಲ್ಲಿ ಬದುಕಿದ್ದವರು. ಹೀಬ್ರೂ ಭಾಷೆಯಲ್ಲಿ ಪದ್ಯ ಬರೆದಿಟ್ಟುಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕಾಗದಗಳನ್ನೆಲ್ಲ ಅಜ್ಜಿ ಸುಟ್ಟುಹಾಕಿದರು. ಸಿಟ್ಟಿನಿಂದ ಸುಟ್ಟದ್ದಲ್ಲ, ಹೆದರಿಕೆಯಿಂದ. ತ್ಸಾರ್ ದೊರೆಯ ಪೊಲೀಸರ ಕೈಗೆ ಅವು ಸಿಕ್ಕಿ, ಅದರಲ್ಲೇನಾದರೂ ಸರ್ಕಾರದ ವಿರುದ್ಧ ಇದ್ದುಬಿಟ್ಟರೆ ಮನೆಮಂದಿಗೆಲ್ಲ ಕುತ್ತು. ಆಮೇಲೆ ಕುಟುಂಬ ಅಮೆರಿಕಕ್ಕೆ ಬಂತು. 1894ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಮೊಮ್ಮಗನಿಗೆ ಅಜ್ಜನ ಹೀಬ್ರೂ ಹೆಸರು ಸಿಕ್ಕಿತು. ಅಜ್ಜನ ಪದ್ಯದ ಒಂದು ಸಾಲೂ ಸಿಗಲಿಲ್ಲ. ಮುಂದೆ ಪ್ರಕಾಶಕರು ಸಿಗದಿದ್ದಾಗ ಈ ಮೊಮ್ಮಗ ಸ್ವಂತ ಮುದ್ರಣಯಂತ್ರ ಇಟ್ಟುಕೊಂಡು, ತಾವೇ ಅಚ್ಚುಮೊಳೆ ಜೋಡಿಸಿ ಪುಸ್ತಕ ಹೊರತಂದರು. ಯಾಕೆ ಅಂತ ಊಹಿಸಬಹುದು, ಅಲ್ವಾ?

ಓಡಿಬಂದವರ ಮನೆಯ ಚರಿತ್ರೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ. ಇಂಥ ಚರಿತ್ರೆಯನ್ನು ಹಿಡಿದು ಯಹೂದಿ ಕಲಾವಿದರು ಕಳೆದ ಎಂಟು-ಒಂಬತ್ತು ದಶಕಗಳಲ್ಲಿ ನೃತ್ಯ ಕಟ್ಟಿದ್ದಾರೆ, ಕವಿತೆ ಬರೆದಿದ್ದಾರೆ. ಕೇಳಿದ ಕೂಡಲೇ ನಮಗನ್ನಿಸುವುದು, ಅಜ್ಜಿಯ ಕಥೆಯನ್ನು ಕುಣಿದು ತೋರಿಸುತ್ತಾರೆ, ಹಾಡಿ ಹೇಳುತ್ತಾರೆ ಅಂತ. ಆದರೆ ಇವುಗಳಲ್ಲಿ ಗಟ್ಟಿಯಾಗಿ ನಿಂತಿರುವ ಕೃತಿಗಳನ್ನು ನೋಡಿದರೆ, ಅವು ಮಾಡುವ ಮೊದಲ ಕೆಲಸವೇ ಕಥೆಯನ್ನು ತೆಗೆದು ಪಕ್ಕಕ್ಕಿಡುವುದು. ಯಾಕೆ ತೆಗೆಯುತ್ತಾರೆ, ತೆಗೆದ ಮೇಲೆ ಏನು ಉಳಿಯುತ್ತದೆ, ಉಳಿದದ್ದು ಹೇಗೆ ಹೆಜ್ಜೆಯಾಗುತ್ತದೆ, ಸಾಲಾಗುತ್ತದೆ ಅನ್ನುವುದು ಇಲ್ಲಿನ ವಿಷಯ.

ಮೊದಲು ಕೈಯಲ್ಲಿ ಇರುವ ಸಾಮಗ್ರಿ ಏನು ಅಂತ ನೋಡೋಣ. ಹಿಟ್ಲರನ ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾ ಬಿಟ್ಟು ಬಂದ ಕುಟುಂಬವಾದರೆ ಮೊಮ್ಮಕ್ಕಳಿಗೆ ಸಿಗುವುದು ಮುಖ್ಯವಾಗಿ ಸರ್ಕಾರಿ ಕಾಗದ. 1938ರ ಅಕ್ಟೋಬರಿನಿಂದ ಯಹೂದಿಗಳ ಪಾಸ್‌ಪೋರ್ಟಿನ ಮೇಲೆ ಕೆಂಪು ಬಣ್ಣದ ‘ಜೆ’ ಅಕ್ಷರ ಒತ್ತುತ್ತಿದ್ದರು. 1939ರ ಜನವರಿ 1ರಿಂದ, ಹೆಸರು ಕೇಳಿದರೆ ಯಹೂದಿ ಅಂತ ಗೊತ್ತಾಗದ ಹೆಂಗಸರೆಲ್ಲ ಹೆಸರಿನ ಜೊತೆ ‘ಸಾರಾ’ ಅಂತ ಸೇರಿಸಿಕೊಳ್ಳಬೇಕಿತ್ತು, ಗಂಡಸರು ‘ಇಸ್ರೇಲ್’ ಅಂತ. ದೇಶ ಬಿಡುವಾಗ ಕೈಯಲ್ಲಿ 10 ಮಾರ್ಕಿಗಿಂತ ಹೆಚ್ಚು ದುಡ್ಡು ಒಯ್ಯುವ ಹಾಗಿರಲಿಲ್ಲ. ಹಾಗಾಗಿ ಮನೆಯ ಕಡತದಲ್ಲಿ ವೀಸಾ ಅರ್ಜಿ ಇರುತ್ತದೆ, ಸಾಮಾನಿನ ಪಟ್ಟಿ ಇರುತ್ತದೆ, ರೆಡ್‌ಕ್ರಾಸ್ ಮೂಲಕ ಬಂದ ಚುಟುಕು ಪತ್ರಗಳಿರುತ್ತವೆ. ಒಂದು ತಾರೀಖಿನ ನಂತರ ಪತ್ರವೂ ನಿಂತಿರುತ್ತದೆ.

ಕಾಗದದ ಆಚೆ ಇರುವುದು ಮನೆಯ ವಾತಾವರಣ. ಬದುಕಿ ಬಂದವರು ಬಹಳಷ್ಟು ಜನ ಬಾಯಿ ಬಿಡಲಿಲ್ಲ. ಮಕ್ಕಳು ಕೇಳಲಿಲ್ಲ, ಕೇಳಬಾರದು ಅನ್ನುವುದು ಅವರಿಗೆ ಹೇಗೋ ಗೊತ್ತಿತ್ತು. ಆದರೆ ಅಪ್ಪ ಬಾಗಿಲ ಸದ್ದಾದರೆ ಬೆಚ್ಚುವುದನ್ನು, ಅಮ್ಮ ಒಂದು ತುಂಡು ಬ್ರೆಡ್ಡನ್ನೂ ಬಿಸಾಡದಿರುವುದನ್ನು ನೋಡುತ್ತಾ ಬೆಳೆದರು. ತಾವು ಕಾಣದ ಘಟನೆ ತಮ್ಮದೇ ನೆನಪಿನ ಹಾಗೆ ಒಳಗೆ ಕೂತಿರುವ ಈ ಸ್ಥಿತಿಗೆ ಮರಿಯಾನ್ ಹಿರ್ಷ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ‘ಪೋಸ್ಟ್‌ಮೆಮೊರಿ’ ಅಂತ ಹೆಸರಿಟ್ಟರು. ಅವರ ತಂದೆ-ತಾಯಿಯೂ ಚೆರ್ನೊವಿಟ್ಸ್ ಎಂಬ ಊರಿನಿಂದ ಬಂದವರೇ. ನೆನಪಿನ ನಂತರದ ನೆನಪು ಅಂದುಕೊಳ್ಳಿ. ಹೀಗೆ ಎರಡನೆಯ ತಲೆಮಾರಿಗೆ ಬಂದದ್ದರಲ್ಲಿ ಕಥೆ ಕಡಿಮೆ, ಮೈಯ ಅಭ್ಯಾಸ ಜಾಸ್ತಿ. ನೃತ್ಯಕ್ಕೂ ಕವಿತೆಗೂ ಬೇಕಾಗುವುದು ಅದೇ.

ಹಳೆಯ ದಾರಿಯೊಂದು ಮೊದಲೇ ಇತ್ತು

ಇದನ್ನು ಇಪ್ಪತ್ತನೆಯ ಶತಮಾನದ ಕಲಾವಿದರು ಶುರುಮಾಡಿದ್ದು ಅಂದುಕೊಂಡರೆ ತಪ್ಪಾಗುತ್ತದೆ. ಯಹೂದಿ ಸಂಪ್ರದಾಯದ ನಡುಮಧ್ಯದಲ್ಲೇ ಒಂದು ವಲಸೆಯ ಕಥೆಯಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಓಡಿ, ಕಡಲು ದಾಟಿ, ಆಚೆ ದಡ ಮುಟ್ಟಿದ ಜನ ಮೊದಲು ಮಾಡಿದ್ದೇನು? ಬೈಬಲಿನ ವಿಮೋಚನಕಾಂಡದ 15ನೆಯ ಅಧ್ಯಾಯ ಹೇಳುವ ಪ್ರಕಾರ ಮೋಶೆ ಮತ್ತು ಜನರು ಒಂದು ಪದ್ಯ ಹಾಡಿದರು. ಮಿರಿಯಾಮ್ ದಮ್ಮಡಿ ಕೈಗೆತ್ತಿಕೊಂಡಳು, ಹೆಂಗಸರೆಲ್ಲ ಅವಳ ಹಿಂದೆ ಕುಣಿಯುತ್ತಾ ಹೋದರು. ದಡ ಮುಟ್ಟಿದ ಕೂಡಲೇ ಕವಿತೆಯೂ ಆಯಿತು, ನೃತ್ಯವೂ ಆಯಿತು.

ಆ ಪದ್ಯವನ್ನು ತೋರಾದ, ಅಂದರೆ ಯಹೂದಿಗಳ ಪವಿತ್ರ ಗ್ರಂಥದ, ಚರ್ಮದ ಸುರುಳಿಯಲ್ಲಿ ಬರೆಯುವ ಕ್ರಮವೇ ಬೇರೆ. ಉಳಿದ ಭಾಗ ಬಹುಪಾಲು ಒತ್ತೊತ್ತಾಗಿ ಸಾಲು ಸಾಲು. ಈ ಹಾಡು ಮಾತ್ರ ಇಟ್ಟಿಗೆ ಗೋಡೆ ಕಟ್ಟಿದಂತೆ: ಒಂದಷ್ಟು ಅಕ್ಷರ, ಒಂದಷ್ಟು ಖಾಲಿ, ಕೆಳಗಿನ ಸಾಲಿನಲ್ಲಿ ಖಾಲಿಯ ಅಡಿಗೆ ಅಕ್ಷರ. ಬರೆಯುವವರು ಆ ಖಾಲಿಯನ್ನು ತಪ್ಪದೆ ಬಿಡಬೇಕು. ಇಲ್ಲದಿದ್ದರೆ ಬರಹವೇ ದೋಷ.

ಇನ್ನು ಪಾಸೋವರ್ ಹಬ್ಬದ ರಾತ್ರಿಯ ಊಟ. ಹೊರಡುವ ಅವಸರದಲ್ಲಿ ಹಿಟ್ಟು ಹುಳಿ ಬರಲು ಸಮಯವಿರಲಿಲ್ಲ, ಅದಕ್ಕೆ ಹುಳಿಯಿಲ್ಲದ ರೊಟ್ಟಿ. ಗುಲಾಮಗಿರಿಯ ಕಹಿಗೆ ಕಹಿ ಸೊಪ್ಪು. ಕಣ್ಣೀರಿಗೆ ಉಪ್ಪುನೀರು. ಗುಲಾಮರು ಒರಗಿ ಕೂರುವ ಹಾಗಿಲ್ಲ, ಅದಕ್ಕೆ ಇವತ್ತು ಎಡಕ್ಕೆ ಒರಗಿ ದ್ರಾಕ್ಷಾರಸ ಕುಡಿಯಬೇಕು. ಪ್ರತಿ ತಲೆಮಾರಿನವರೂ ಈಜಿಪ್ಟ್ ಬಿಟ್ಟು ಹೊರಟವರು ತಾವೇ ಅಂದುಕೊಳ್ಳಬೇಕು ಅನ್ನುತ್ತದೆ ಅವತ್ತು ಓದುವ ಪಠ್ಯ. ಯುಗಾದಿಯ ಬೇವು-ಬೆಲ್ಲದಂತೆ ಇಲ್ಲಿಯೂ ಅರ್ಥ ನಾಲಗೆಯ ಮೂಲಕವೇ ಒಳಗೆ ಹೋಗುತ್ತದೆ. ಪೋಸ್ಟ್‌ಮೆಮೊರಿ ಅನ್ನುವ ಮಾತು ಹುಟ್ಟುವ ಎಷ್ಟೋ ಶತಮಾನ ಮೊದಲೇ ಈ ಜನ ಅದನ್ನು ಊಟದ ಮೇಜಿನ ಮೇಲೆ ಅಭ್ಯಾಸ ಮಾಡಿದ್ದರು.

ಕದ್ದೀಶ್ ಅನ್ನುವ ಪ್ರಾರ್ಥನೆಯನ್ನೂ ಇಲ್ಲಿ ನೆನೆಯಬೇಕು. ಸತ್ತವರಿಗಾಗಿ ಮನೆಯವರು ಹೇಳುವ ಪ್ರಾರ್ಥನೆ ಅದು. ಅದರಲ್ಲಿ ಸಾವಿನ ಮಾತೇ ಇಲ್ಲ! ಪೂರ್ತಿ ದೇವರ ಸ್ತುತಿ. 1945ರಲ್ಲಿ ನ್ಯೂಯಾರ್ಕಿನ ಅನ್ನಾ ಸೊಕೊಲೋವ್ ಅದೇ ಹೆಸರಿನ ಏಕವ್ಯಕ್ತಿ ನೃತ್ಯ ಮಾಡಿದರು. ಅವರ ತಂದೆ-ತಾಯಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವರು, ತಾಯಿ ಬಟ್ಟೆ ಹೊಲಿಯುವ ಕೆಲಸದಲ್ಲಿದ್ದವರು. ಯುರೋಪಿನ ಸಾವಿನ ಶಿಬಿರಗಳ ಸುದ್ದಿ ಆಗಷ್ಟೇ ಹೊರಬರುತ್ತಿತ್ತು. ಸೊಕೊಲೋವ್ ಶವ ತೋರಿಸಲಿಲ್ಲ, ಸೈನಿಕರನ್ನು ತೋರಿಸಲಿಲ್ಲ. ಯಹೂದಿ ಗಂಡಸರು ಬೆಳಗಿನ ಪ್ರಾರ್ಥನೆಗೆ ತೋಳಿಗೆ ಸುತ್ತಿಕೊಳ್ಳುವ ಚರ್ಮದ ಪಟ್ಟಿಯಿದೆ, ತೆಫಿಲಿನ್ ಅಂತ. ಆ ಬಗೆಯ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿಕೊಂಡರು. ಸಂಪ್ರದಾಯದಲ್ಲಿ ಕದ್ದೀಶ್ ಹೇಳಬೇಕಾದವನು ಮಗ. ಹೇಳಲು ಮಗನೂ ಉಳಿಯದಿದ್ದರೆ? ಹೆಂಗಸಿನ ತೋಳಿನ ಮೇಲಿನ ಆ ಕಪ್ಪು ಪಟ್ಟಿ ಈ ಪ್ರಶ್ನೆಯನ್ನು ಒಂದು ಮಾತೂ ಆಡದೆ ಕೇಳುತ್ತದೆ.

ನೃತ್ಯಕ್ಕೆ ‘ಅಜ್ಜಿ’ ಅನ್ನಲು ಬರುವುದಿಲ್ಲ

ಭರತನಾಟ್ಯ ನೋಡಿ ಬೆಳೆದ ನಮಗೆ ಇಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಕೈಯೇ ಮಾತಾಡುತ್ತದೆ. ಕೊಳಲು ಹಿಡಿದರೆ ಕೃಷ್ಣ, ಹಸ್ತದಲ್ಲೇ ಹಾವು, ನದಿ, ಪತ್ರ. ಯುರೋಪಿನ ಆಧುನಿಕ ನೃತ್ಯದಲ್ಲಿ ಹೀಗೆ ಎಲ್ಲರೂ ಒಪ್ಪಿದ ಹಸ್ತಕೋಶ ಇಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಬೆಳೆದ ಅಭಿವ್ಯಕ್ತಿ ನೃತ್ಯ ಬ್ಯಾಲೆಯ ಸನ್ನೆಗಳನ್ನೂ ಬಿಸಾಡಿತು. ಹಾಗಾಗಿ ಆ ನೃತ್ಯಕ್ಕೆ ‘1938’ ಅನ್ನಲು ಬರುವುದಿಲ್ಲ. ‘ನಮ್ಮಜ್ಜಿಯ ತಂಗಿ’ ಅನ್ನಲು ಬರುವುದಿಲ್ಲ. ‘ಹಿಂದೆ’ ಅನ್ನಲೂ ಬರುವುದಿಲ್ಲ, ಯಾಕೆಂದರೆ ವೇದಿಕೆಯ ಮೇಲೆ ನಡೆಯುವುದೆಲ್ಲ ಈಗಲೇ ನಡೆಯುತ್ತದೆ. ಬೀಳುವವಳು ಈಗ ಬೀಳುತ್ತಾಳೆ.

ನಾಮಪದವಿಲ್ಲದ, ಭೂತಕಾಲವಿಲ್ಲದ ಭಾಷೆಯಲ್ಲಿ ಮನೆತನದ ಚರಿತ್ರೆ ಹೇಳುವುದು ಹೇಗೆ? ಉಳಿಯುವುದು ಕ್ರಿಯಾಪದ ಮಾತ್ರ. ಕಾಯುವುದು. ಹೊರುವುದು. ಸಾಲಿನಲ್ಲಿ ನಿಲ್ಲುವುದು. ತಿರುಗಿ ನೋಡುವುದು, ನೋಡದೇ ಹೋಗುವುದು. ನಿರಾಶ್ರಿತರ ಬದುಕಿನಲ್ಲಿ ಓಡುವುದಕ್ಕಿಂತ ಕಾಯುವುದು ಜಾಸ್ತಿ. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ ಈ ಜನರ ಬಗ್ಗೆ ಮಾತಾಡಿದರು. ಬಾಗಿಲು ತೆರೆದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಕಾನ್ಸುಲೇಟುಗಳ ಮುಂದೆ ಬೆಳೆದ ಸಾಲುಗಳಲ್ಲಿ ನಿಂತವರ ಕಾಲು, ಸೊಂಟ, ಕುತ್ತಿಗೆಗೆ ಗೊತ್ತಿದ್ದದ್ದು ಯಾವ ದಾಖಲೆಯಲ್ಲೂ ಇಲ್ಲ. ನೃತ್ಯ ಕಟ್ಟುವವರು ಹುಡುಕುವುದು ಅದನ್ನು.

ಇಸ್ರೇಲಿನ ಉತ್ತರದಲ್ಲಿ ಗಾಟೋನ್ ಅನ್ನುವ ಒಂದು ಕಿಬುಟ್ಸ್ ಇದೆ, ಒಟ್ಟಾಗಿ ದುಡಿದು ಬದುಕುವವರ ಹಳ್ಳಿ. ಅಲ್ಲಿ ನೃತ್ಯ ತಂಡ ಕಟ್ಟಿದವರು ಯೆಹುದಿತ್ ಆರ್ನೋನ್. ಹದಿಹರೆಯದಲ್ಲಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಸಾಗಿಸಲ್ಪಟ್ಟಿದ್ದರು. ಕ್ರಿಸ್‌ಮಸ್ ಸಂತೋಷಕೂಟದಲ್ಲಿ ಕುಣಿಯಬೇಕೆಂದು ಕಾವಲಿನವರು ಆಜ್ಞೆ ಮಾಡಿದಾಗ ಆಗಲ್ಲ ಅಂದರು. ಶಿಕ್ಷೆಯಾಗಿ ಬರಿಗಾಲಲ್ಲಿ ಹಿಮದ ಮೇಲೆ ನಿಲ್ಲಿಸಿದರು. ಬದುಕಿ ಉಳಿದರೆ ಜೀವಮಾನವಿಡೀ ನೃತ್ಯಕ್ಕೇ ಅಂತ ಅಲ್ಲೇ ತೀರ್ಮಾನ ಮಾಡಿಕೊಂಡದ್ದಾಗಿ ಮುಂದೆ ಹೇಳಿದರು. ಅವರ ಶಿಷ್ಯ, ಅದೇ ಕಿಬುಟ್ಸ್‌ನಲ್ಲಿ ಬದುಕುಳಿದವರ ಮಗನಾಗಿ ಹುಟ್ಟಿದ ರಾಮಿ ಬೆಯೆರ್, 1994ರಲ್ಲಿ ‘ಏಡ್ ಮೆಮ್ವಾರ್’ ಎಂಬ ನೃತ್ಯ ಕಟ್ಟಿದರು. ವೇದಿಕೆಯ ಮೇಲೆ ಎತ್ತರದ ಹಲಗೆಗಳ ಸಾಲು. ನರ್ತಕರು ಅದರ ಸಂದಿಗಳಿಂದ ಹೊರಬರುತ್ತಾರೆ, ಅದಕ್ಕೇ ಮೈ ಒಡ್ಡುತ್ತಾರೆ, ಬಡಿಯುತ್ತಾರೆ. ಹಲಗೆ ಗೋಡೆಯೋ, ರೈಲು ಡಬ್ಬಿಯೋ, ಬಾಗಿಲೋ? ನೃತ್ಯ ಹೇಳುವುದಿಲ್ಲ. ಹೇಳಿದ್ದರೆ ನಾವು ಒಂದು ಕ್ಷಣ ಮರುಗಿ ಮುಂದೆ ಹೋಗಿಬಿಡುತ್ತಿದ್ದೆವು ಅಂತ ನನಗನ್ನಿಸುತ್ತದೆ. ಹೇಳದಿರುವುದರಿಂದ ಆ ಬಡಿತದ ಸದ್ದು ಕಿವಿಯಲ್ಲಿ ಉಳಿಯುತ್ತದೆ.

ಪೋಲಾ ನಿರೆನ್ಸ್ಕಾ ಅವರ ದಾರಿ ಇನ್ನೂ ಉದ್ದ. ವಾರ್ಸಾದ ಹುಡುಗಿ, ಡ್ರೆಸ್ಡೆನ್‌ನಲ್ಲಿ ಹೆಸರಾಂತ ಮೇರಿ ವಿಗ್ಮನ್ ಬಳಿ ಕಲಿತವರು. 1933ರಲ್ಲಿ ಯಹೂದಿ ಅನ್ನುವ ಕಾರಣಕ್ಕೆ ತಂಡದಿಂದ ಹೊರಗೆ ಬಿದ್ದರು. ಲಂಡನ್ ಸೇರಿದರು, 1949ರಲ್ಲಿ ಅಮೆರಿಕಕ್ಕೆ ಹೋದರು. ಪೋಲೆಂಡಿನಲ್ಲಿ ಉಳಿದ ಬಂಧುಗಳಲ್ಲಿ ಹತ್ತಾರು ಜನ ಕೊಲೆಯಾದರು. ನಡುವೆ ನೃತ್ಯವನ್ನೇ ಬಿಟ್ಟುಬಿಟ್ಟಿದ್ದರು. ಪತಿ ಯಾನ್ ಕಾರ್ಸ್ಕಿ, ಯಹೂದಿಗಳ ಹತ್ಯಾಕಾಂಡದ ಸುದ್ದಿಯನ್ನು ಯುದ್ಧ ನಡೆಯುತ್ತಿರುವಾಗಲೇ ಬ್ರಿಟನ್, ಅಮೆರಿಕದ ನಾಯಕರಿಗೆ ಮುಟ್ಟಿಸಿದ ಮನುಷ್ಯ. ಅವರೂ ಯುದ್ಧದ ನಂತರ ಮೂರು ದಶಕ ಆ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ನಿರೆನ್ಸ್ಕಾ ಮತ್ತೆ ಸ್ಟುಡಿಯೋಕ್ಕೆ ಬಂದು, ಒಂದು ದಶಕದಲ್ಲಿ ನಾಲ್ಕು ನೃತ್ಯಗಳನ್ನು ಕಟ್ಟಿದರು. 1990ರಲ್ಲಿ ನಾಲ್ಕೂ ಒಂದೇ ಸಂಜೆ ವೇದಿಕೆಗೆ ಬಂದವು. ಅದನ್ನು ತಾವು ಪ್ರೀತಿಸಿದವರ, ಈಗ ಇಲ್ಲದವರ ನೆನಪಿಗೆ ಅರ್ಪಿಸಿದರು. ನಲವತ್ತು ವರ್ಷ ತಡವಾಯಿತು ಅಂತ ಕೆಲವರಿಗೆ ಅನ್ನಿಸಬಹುದು. ಇಂಥ ಸಾಮಗ್ರಿಗೆ ಅಷ್ಟು ಹೊತ್ತು ಬೇಕಾಗುವುದು ಅಪರೂಪವೇನಲ್ಲ.

ಮೀನಿನ ಬಳಿ ಹೋದ ದನಿ

ಕವಿತೆಯ ಕಡೆ ಬರೋಣ. ಇಲ್ಲಿ ನೆಲ್ಲಿ ಸಾಕ್ಸ್ ಅವರ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. 1891ರಲ್ಲಿ ಬರ್ಲಿನ್‌ನ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅವರಿಗೆ ಆಸೆಯಿದ್ದದ್ದು ನರ್ತಕಿಯಾಗಬೇಕು ಅಂತ. ಅಪ್ಪ ಪಿಯಾನೋ ನುಡಿಸಿದರೆ ಮಗಳು ಕುಣಿಯುತ್ತಿದ್ದಳು. ಆಗ ಬರೆಯುತ್ತಿದ್ದ ಪದ್ಯಗಳು ಒಪ್ಪವಾದ, ಹಳೆಯ ಧಾಟಿಯ ಪ್ರಾಸದ ಪದ್ಯಗಳು. ಮುಂದೆ ಅವನ್ನು ಮತ್ತೆ ಅಚ್ಚು ಹಾಕಲು ಅವರೇ ಬಿಡಲಿಲ್ಲ.

ನಾಜಿ ಆಡಳಿತದಲ್ಲಿ ಒಮ್ಮೆ ಗೆಸ್ಟಾಪೊ ಪೊಲೀಸರು ವಿಚಾರಣೆ ಮಾಡಿದ ಮೇಲೆ ಸಾಕ್ಸ್ ಅವರ ಗಂಟಲು ಕಟ್ಟಿಹೋಯಿತು. ಐದು ದಿನ ಮಾತೇ ಹೊರಡಲಿಲ್ಲ. ತನ್ನ ದನಿ ಮೀನುಗಳ ಬಳಿಗೆ ಓಡಿಹೋಯಿತು ಅಂತ ಎಷ್ಟೋ ವರ್ಷದ ಮೇಲೆ ಬರೆದರು. ಇಷ್ಟೇ ಘಟನೆ. ವಿಚಾರಣೆಯಲ್ಲಿ ಏನು ಕೇಳಿದರು, ಎಷ್ಟು ಹೊತ್ತು ಕೂರಿಸಿದರು ಅನ್ನುವುದರ ಮೇಲೆ ಅವರು ಕವಿತೆ ಕಟ್ಟಲಿಲ್ಲ. ಆದರೆ ಅವರ ಕವಿತೆಗಳ ತುಂಬ ಮೀನುಗಳು ಬರುತ್ತವೆ. ನೀರಿನಿಂದ ಎಳೆದು ದಡಕ್ಕೆ ಹಾಕಿದ ಮೀನು, ರಕ್ತ ಸೋರುವ ಕಿವಿರು, ತೆರೆದು ಮುಚ್ಚುವ ಬಾಯಿ. ಓದುವವರಿಗೆ ಆ ಐದು ದಿನ ಗೊತ್ತಿರಬೇಕಿಲ್ಲ. ಸದ್ದಿಲ್ಲದೆ ಕೂಗುವ ಒಂದು ಬಾಯಿ ಕಣ್ಣೆದುರು ಬಂದರೆ ಸಾಕು.

ತಪ್ಪಿಸಿಕೊಂಡ ಕಥೆ ಸಿನಿಮಾಕ್ಕೆ ಸಾಲುವಷ್ಟಿದೆ. ಸ್ವೀಡನ್ನಿನ ಲೇಖಕಿ ಸೆಲ್ಮಾ ಲಾಗೆರ್ಲೋಫ್ ಅವರಿಗೆ ಸಾಕ್ಸ್ ಹುಡುಗಿಯಾಗಿದ್ದಾಗಿನಿಂದ ಪತ್ರ ಬರೆಯುತ್ತಿದ್ದರು. ಗೆಳತಿಯೊಬ್ಬರು ಸ್ವೀಡನ್ನಿಗೇ ಹೋಗಿ ಲಾಗೆರ್ಲೋಫ್ ಅವರನ್ನೂ ಅಲ್ಲಿನ ರಾಜಕುಮಾರ ಯೂಜೆನ್ ಅವರನ್ನೂ ಬೇಡಿಕೊಂಡರು. ಕಾರ್ಮಿಕ ಶಿಬಿರಕ್ಕೆ ಬರಬೇಕೆಂಬ ಆದೇಶ ಮತ್ತು ಸ್ವೀಡನ್ನಿನ ವೀಸಾ ಹೆಚ್ಚುಕಡಿಮೆ ಒಟ್ಟಿಗೇ ಕೈ ಸೇರಿದವು. 1940ರ ಮೇ ತಿಂಗಳಲ್ಲಿ ತಾಯಿ-ಮಗಳು ವಿಮಾನದಲ್ಲಿ ಸ್ಟಾಕ್‌ಹೋಮ್ ತಲುಪಿದರು. ಲಾಗೆರ್ಲೋಫ್ ಅಷ್ಟರಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಇಷ್ಟೊಂದು ನಾಟಕೀಯ ಕಥೆಯನ್ನು ಸಾಕ್ಸ್ ಕವಿತೆಯಲ್ಲಿ ಮುಟ್ಟಲೇ ಇಲ್ಲ ಅನ್ನಬಹುದು. ಸ್ಟಾಕ್‌ಹೋಮಿನ ಚಿಕ್ಕ ಮನೆಯಲ್ಲಿ ಕಾಯಿಲೆಯ ತಾಯಿ ಮಲಗಿರುತ್ತಿದ್ದರು. ದೀಪ ಹಾಕಿದರೆ ಎಚ್ಚರವಾಗುತ್ತದೆ ಅಂತ ಕತ್ತಲಲ್ಲೇ ಬರೆದರು. ಅಡುಗೆಮನೆಯ ಆ ಮೂಲೆಯನ್ನು ಹಡಗಿನ ಕೋಣೆ ಅಂತ ಕರೆಯುತ್ತಿದ್ದರು. ಹಳೆಯ ಪ್ರಾಸವೆಲ್ಲ ಅಲ್ಲಿ ಕಳಚಿ ಬಿತ್ತು. ಸಾಲು ತುಂಡಾಯಿತು. ಹೊಗೆ, ಧೂಳು, ಮರಳು, ಬೂಟು, ನಕ್ಷತ್ರ: ಇಂಥ ಕೆಲವೇ ವಸ್ತುಗಳು ಮತ್ತೆ ಮತ್ತೆ ಬಂದವು. 1959ರ ಸಂಕಲನದ ಹೆಸರೇ ‘ಓಟ ಮತ್ತು ರೂಪಾಂತರ’ ಅನ್ನುವ ಅರ್ಥದ್ದು. ಅದರ ಒಂದು ಕವಿತೆಯಲ್ಲಿ, ತಾಯ್ನಾಡಿನ ಜಾಗದಲ್ಲಿ ತನ್ನ ಕೈಯಲ್ಲಿರುವುದು ಲೋಕದ ರೂಪಾಂತರಗಳು ಅನ್ನುತ್ತಾರೆ. 1966ರ ಡಿಸೆಂಬರ್ 10ರಂದು, ತಮ್ಮ 75ನೆಯ ಹುಟ್ಟುಹಬ್ಬದ ದಿನವೇ, ನೊಬೆಲ್ ಪ್ರಶಸ್ತಿ ಸ್ವೀಕರಿಸಿದರು.

ಮರೆತ ನರ್ತಕಿ ಮಾತ್ರ ಪೂರ್ತಿ ಮರೆಯಾಗಲಿಲ್ಲ. ಸಾಕ್ಸ್ ರಂಗಕ್ಕಾಗಿ ಬರೆದ ಕಾವ್ಯಗಳಲ್ಲಿ ಮಾತಿನಷ್ಟೇ ಜಾಗ ಮೂಕ ಅಭಿನಯಕ್ಕೂ ಚಲನೆಗೂ ಇದೆ. ಮಾತು ನಿಂತಲ್ಲಿ ಮೈ ಮುಂದುವರಿಸಬೇಕು ಅನ್ನುವುದು ಅವರ ಲೆಕ್ಕಾಚಾರ. ‘ಏಲಿ’ ಎಂಬ ನಾಟಕದಲ್ಲಿ ಕೊಲೆಯಾದ ಹುಡುಗ ಕೊನೆಗೆ ಮಾಡಿದ್ದು ಕೊಳಲನ್ನು ಆಕಾಶಕ್ಕೆತ್ತಿ ಊದಿದ್ದು. ಇಡೀ ನಾಟಕ ಆ ಒಂದು ಭಂಗಿಯ ಸುತ್ತ ಸುತ್ತುತ್ತದೆ.

ರೆಜ್ನಿಕಾಫ್ ಇದಕ್ಕೆ ತದ್ವಿರುದ್ಧ. ಅವರು ಕಾನೂನು ಓದಿದವರು, ಕಾನೂನು ಗ್ರಂಥಗಳ ಸಂಪಾದನೆಯಲ್ಲಿ ದುಡಿದವರು. 1963ರಲ್ಲಿ ತಂದೆ-ತಾಯಿಯ ಬದುಕಿನ ಕಥೆಗಳನ್ನು ಅವರದೇ ಧಾಟಿಯ ಸರಳ ಗದ್ಯದಲ್ಲಿ ಪ್ರಕಟಿಸಿದರು. ಹೊಲಿಗೆ ಯಂತ್ರ, ಬಾಡಿಗೆ, ಟೋಪಿ ವ್ಯಾಪಾರ. 1975ರಲ್ಲಿ, ನಾಜಿ ಅಪರಾಧಿಗಳ ಮೇಲೆ ನಡೆದ ನ್ಯೂರೆಂಬರ್ಗ್ ಮತ್ತು ಐಖ್‌ಮನ್ ವಿಚಾರಣೆಗಳ ದಾಖಲೆಯಿಂದ ಒಂದು ನೀಳ್ಗವಿತೆ ಮಾಡಿದರು. ತಮ್ಮದೊಂದು ಉಪಮೆ ಸೇರಿಸಲಿಲ್ಲ, ‘ಅಯ್ಯೋ’ ಅನ್ನಲಿಲ್ಲ. ಸಾಕ್ಷಿ ಕಣ್ಣಾರೆ ಕಂಡದ್ದನ್ನು ಇಟ್ಟುಕೊಂಡು ಅಭಿಪ್ರಾಯವನ್ನೆಲ್ಲ ಕತ್ತರಿಸಿದರು. ಎಲ್ಲಿ ಸಾಲು ಮುರಿಯಬೇಕು ಅನ್ನುವುದು ಮಾತ್ರ ಅವರ ಕೆಲಸ. ಒಬ್ಬರದು ಪೂರ್ತಿ ಪ್ರತಿಮೆ, ಇನ್ನೊಬ್ಬರದು ಪ್ರತಿಮೆಯೇ ಇಲ್ಲ. ಇಬ್ಬರೂ ಹಿಡಿದದ್ದು ಮಾತ್ರ ಕತ್ತರಿಯನ್ನೇ.

ಕತ್ತರಿ ಹೇಗೆ ಕೆಲಸ ಮಾಡುತ್ತದೆ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಯಾರೋ ಒಬ್ಬ ಅಜ್ಜಿ ಮೊಮ್ಮಗಳಿಗೆ ಹೀಗೆ ಹೇಳುತ್ತಾರೆ ಅಂತಿಟ್ಟುಕೊಳ್ಳಿ: ‘ವಿಯೆನ್ನಾದಿಂದ ಹೊರಟ ದಿನ ಅಮ್ಮ ಮನೆಗೆ ಬೀಗ ಹಾಕಿದರು. ಹಾಕಿ ಏನು ಬಂತು, ಮನೆ ಆಗಲೇ ಬೇರೆಯವರ ಪಾಲಾಗಿತ್ತು. ಆದರೂ ಎರಡೆರಡು ಸಲ ಎಳೆದು ನೋಡಿದರು. ನನಗೆ ಒಂಬತ್ತು ವರ್ಷ. ತುಂಬ ಚಳಿ. ಅಪ್ಪ ಬೇಗ ಬೇಗ ಅಂತಿದ್ದರು. ನಾವು ಎಲ್ಲವನ್ನೂ ಕಳಕೊಂಡೆವು.’

ಮೊದಲ ಕರಡು ಬರೆಯುವವರು ಸಾಮಾನ್ಯವಾಗಿ ಹಿಡಿಯುವುದು ಕೊನೆಯ ವಾಕ್ಯವನ್ನು. ಅದು ನಿಜ, ಆದರೆ ಯಾರು ಬೇಕಾದರೂ ಹೇಳಬಹುದಾದ ಮಾತು. ಕಳಕೊಂಡ ಮನೆಯ ಬೀಗವನ್ನು ಎಳೆದು ನೋಡಿದ ಕೈ ಇದೆಯಲ್ಲ, ಅದು ಈ ಒಂದು ಕುಟುಂಬದ್ದು. ಉಳಿದದ್ದನ್ನು ತೆಗೆದರೆ:

ಬೀಗ ಹಾಕಿದಳು.
ಎಳೆದು ನೋಡಿದಳು.
ಇನ್ನೊಮ್ಮೆ ಎಳೆದು ನೋಡಿದಳು.
ಹತ್ತು ಮಾರ್ಕು, ಒಂದು ಪೆಟ್ಟಿಗೆ,
ಕೀಲಿಕೈ.

ಇದು ದೊಡ್ಡ ಕವಿತೆ ಅಂತ ಹೇಳುತ್ತಿಲ್ಲ, ಸುಮ್ನೆ ದಾರಿ ತೋರಿಸಲು. ಚಳಿ ಹೋಯಿತು, ವಯಸ್ಸು ಹೋಯಿತು, ವಿಯೆನ್ನಾ ಕೂಡ ಹೋಯಿತು. ಇದೇ ಸಾಮಗ್ರಿ ನೃತ್ಯವಾಗಬೇಕಾದರೆ ಬೀಗವೂ ಹೋಗಬೇಕು. ಉಳಿಯುವುದು ಕೆಳಕ್ಕೆ ಎಳೆಯುವ ಒಂದು ಚಲನೆ. ಮಣಿಕಟ್ಟಿನಲ್ಲಿ ಶುರುವಾದದ್ದನ್ನು ಭುಜಕ್ಕೆ ತರಬಹುದು, ಬೆನ್ನಿಗೆ ತರಬಹುದು. ಒಬ್ಬಳು ಮಾಡುವುದನ್ನು ಐದು ಜನ ಬೇರೆ ಬೇರೆ ಹೊತ್ತಿಗೆ ಮಾಡಬಹುದು. ಎಳೆದದ್ದು ಒಮ್ಮೆ ಗಟ್ಟಿಯಾಗಿ ನಿಲ್ಲಬೇಕು, ಇನ್ನೊಮ್ಮೆ ಕಳಚಿ ಕೈಗೆ ಬರಬೇಕು. ನಮ್ಮ ಪದ, ಜಾವಳಿಗಳಲ್ಲಿ ಒಂದೇ ಸಾಲನ್ನು ಹಿಡಿದು ಸಂಚಾರಿಯಲ್ಲಿ ಬೆಳೆಸುವುದನ್ನು ಕಂಡವರಿಗೆ ಇದು ಹೊಸದಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಆ ಮೂಲ ಸಾಲು ಪ್ರೇಕ್ಷಕರಿಗೆ ಕೇಳಿಸುವುದೇ ಇಲ್ಲ.

ಎರಡನ್ನೂ ಒಂದೇ ವೇದಿಕೆಯಲ್ಲಿ ಇಡುವಾಗ ತೊಂದರೆ ಶುರು. ಕವಿತೆ ‘ಎಳೆದಳು’ ಅನ್ನುವಾಗಲೇ ನರ್ತಕಿಯೂ ಎಳೆದರೆ ಎರಡೂ ಸಪ್ಪೆ. ಮಾತು ಕೀಲಿಕೈ ಬಗ್ಗೆ ಇರುವಾಗ ಮೈ ಇನ್ನೂ ಬಾಗಿಲ ಬಳಿಯೇ ಇರಬೇಕು, ಅಥವಾ ಆಗಲೇ 20 ವರ್ಷ ಮುಂದೆ ಹೋಗಿರಬೇಕು. ಅಜ್ಜಿಯ ಧ್ವನಿಮುದ್ರಣವನ್ನು ಬಳಸುವವರೂ ಇದ್ದಾರೆ. ಅಲ್ಲಿ ಮಾತಿಗಿಂತ ಆಕೆ ತಡವರಿಸುವ ಜಾಗ, ಉಸಿರು ತೆಗೆದುಕೊಳ್ಳುವ ಜಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಚಂದ ಮಾಡುವುದು ಸರಿಯೇ ಅನ್ನುವ ಪ್ರಶ್ನೆ ಎಲ್ಲಿಗೂ ಹೋಗುವುದಿಲ್ಲ. ಆಶ್ವಿಟ್ಸ್ ನಂತರ ಕವಿತೆ ಬರೆಯುವುದು ಅನಾಗರಿಕ ಅಂತ ತತ್ವಜ್ಞಾನಿ ಅಡಾರ್ನೊ 1949ರಲ್ಲಿ ಬರೆದರು. ಅವರೂ ಯಹೂದಿ ತಂದೆಯ ಮಗ, ಜರ್ಮನಿ ಬಿಟ್ಟು ಓಡಿದವರೇ. 1966ರಲ್ಲಿ ತಮ್ಮ ಮಾತನ್ನು ಸಡಿಲಿಸಿ, ಹಿಂಸೆಗೆ ಸಿಕ್ಕವನಿಗೆ ಕಿರುಚುವ ಹಕ್ಕು ಇರುವ ಹಾಗೆ ನೋವಿಗೂ ಹೇಳಿಕೊಳ್ಳುವ ಹಕ್ಕಿದೆ ಅಂದರು. ಯಹೂದಿ ಧರ್ಮಗುರುಗಳ ಚರ್ಚೆಗಳ ಪುರಾತನ ಗ್ರಂಥವಾದ ತಾಲ್ಮುಡ್ಡಿನಲ್ಲಿ ಇದಕ್ಕಿಂತ ಹಳೆಯ ಮಾತಿದೆ. ಈಜಿಪ್ಟಿನ ಸೈನಿಕರು ಕಡಲಲ್ಲಿ ಮುಳುಗುವಾಗ ದೇವದೂತರು ಹಾಡಲು ಹೊರಟರಂತೆ. ನನ್ನ ಕೈಯಾರೆ ಮಾಡಿದವರು ಮುಳುಗುತ್ತಿದ್ದಾರೆ, ನೀವು ಹಾಡುತ್ತೀರಾ ಅಂತ ದೇವರು ಗದರಿದನಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ಪಟ್ಟೆ ಬಟ್ಟೆ, ಎದೆಯ ಮೇಲೆ ಹಳದಿ ನಕ್ಷತ್ರ ತೊಡಿಸಿ, ಪಿಟೀಲು ಅಳಿಸಿ ಮಾಡುವ ನೃತ್ಯ ಸುಲಭದ್ದು. ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ಅಳುವನ್ನೇ ಅದು ಮತ್ತೆ ಕೊಡುತ್ತದೆ.

ವಿಯೆನ್ನಾ, ಬೊಂಬಾಯಿ, ಲಂಡನ್

ಕೊನೆಗೆ ನಮ್ಮ ದೇಶದವರೆಗೂ ಬಂದ ಒಬ್ಬರು. ಹಿಲ್ಡೆ ಹೋಲ್ಗರ್ 1905ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು. ಗೆರ್ಟ್ರೂಡ್ ಬೋಡೆನ್‌ವೀಸರ್ ಅವರ ಶಿಷ್ಯೆ. 1926ರಲ್ಲೇ ಸ್ವಂತ ನೃತ್ಯಶಾಲೆ ತೆರೆದಿದ್ದರು. ಜೇಡಿಮಣ್ಣಿನಿಂದ ಮಾಡಿ ಜೀವ ತುಂಬಿದ ಮನುಷ್ಯಾಕೃತಿಯ ಯಹೂದಿ ಐತಿಹ್ಯವೊಂದಿದೆ. ಅದನ್ನು ಹಿಡಿದು 1937ರಲ್ಲಿ ‘ಗೋಲೆಮ್’ ಎಂಬ ನೃತ್ಯ ಮಾಡಿದರು. ಮರುವರ್ಷ ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ಬಂತು, ಯಹೂದಿಗಳಿಗೆ ವೇದಿಕೆ ಮುಚ್ಚಿತು. 1939ರಲ್ಲಿ ಹೋಲ್ಗರ್ ಬೊಂಬಾಯಿ ಹಡಗು ಹತ್ತಿದರು. (ಅದೇ ವರ್ಷ ಬರ್ಲಿನ್‌ನ ಯಹೂದಿ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು ಅವರವೇ.) ಹೋಲ್ಗರ್ ಅವರ ತಾಯಿ, ಮಲತಂದೆ, ಸೋದರಿ ಸೇರಿ ಹಿಂದೆ ಉಳಿದ ಬಂಧುಗಳಲ್ಲಿ ಅನೇಕರು ಕೊಲೆಯಾದರು.

ಬೊಂಬಾಯಿಯಲ್ಲಿ ಪಾರ್ಸಿ ವೈದ್ಯರೊಬ್ಬರನ್ನು ಮದುವೆಯಾಗಿ, ನೃತ್ಯಶಾಲೆ ತೆರೆದು, ಎಲ್ಲ ಧರ್ಮದ ಮಕ್ಕಳಿಗೂ ಕಲಿಸಿದರು. ಇಲ್ಲಿನ ಹಸ್ತಮುದ್ರೆಗಳು ಅವರ ನೃತ್ಯದೊಳಗೆ ಬಂದವು. ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಅವರ ಗೆಳೆಯರಾದರು, ಆ ಶಾಲೆಯಲ್ಲಿ ಕುಣಿದರು. ದೇಶ ವಿಭಜನೆಯ ಹಿಂಸೆ ಕಂಡು 1948ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಲಂಡನ್ನಿಗೆ ಹೋದರು. ಕ್ಯಾಮ್ಡನ್‌ನ ಒಂದು ನೆಲಮಾಳಿಗೆಯಲ್ಲಿ ಸುಮಾರು ಐವತ್ತು ವರ್ಷ ಪಾಠ ಹೇಳಿದರು. ಡೌನ್ ಸಿಂಡ್ರೋಮ್ ಇದ್ದ ಮಗನಿಗಾಗಿ ಶುರುಮಾಡಿದ ಕೆಲಸ ಬೆಳೆದು, 1968ರಲ್ಲಿ ಬುದ್ಧಿಮಾಂದ್ಯ ಯುವಕ-ಯುವತಿಯರ ನೃತ್ಯ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರಕ್ಕೇ ಬಂತು.

ಹೋಲ್ಗರ್ ತಮ್ಮ ಮನೆಯವರ ಕೊಲೆಯನ್ನು ನೃತ್ಯನಾಟಕ ಮಾಡಿ ಹೇಳಲಿಲ್ಲ. ನೃತ್ಯಗಳನ್ನು ಮಾತ್ರ ಮೈಯಲ್ಲಿ ಇಟ್ಟುಕೊಂಡು ಎರಡು ಖಂಡ ಸುತ್ತಿದರು. ಕವಿತೆಯಾದರೆ ಕಾಗದದಲ್ಲಿ ಉಳಿಯುತ್ತದೆ, ನೃತ್ಯಕ್ಕೆ ಇನ್ನೊಂದು ಮೈ ಬೇಕು. ಅದು ಮಗಳ ಮೈಯೇ ಆಗಬೇಕಿಲ್ಲ. ವಿಯೆನ್ನಾ ಕಾಲದ ನಾಲ್ಕು ಏಕವ್ಯಕ್ತಿ ನೃತ್ಯಗಳನ್ನು ಹೋಲ್ಗರ್ ತಮ್ಮ ಶಿಷ್ಯೆ, ಇಂಗ್ಲೆಂಡಿನ ಲಿಜ್ ಆಗ್ಗಿಸ್ ಅವರಿಗೆ ಹೇಳಿಕೊಟ್ಟರು. 1992ರಲ್ಲಿ ಆಗ್ಗಿಸ್ ಅವನ್ನು ವೇದಿಕೆಗೆ ತಂದರು. ಆ ನಾಲ್ಕರಲ್ಲಿ ‘ಗೋಲೆಮ್’ ಒಂದು.